ಮನೆಯಲ್ಲೇ ಮರದ ಟೆಲಿಸ್ಕೋಪ್ ಸ್ಟ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡಿ ಸಿಕ್ಕಿತು, ಕೊಳವೆ ಸಿದ್ಧವಾಯಿತು. ಇನ್ನೇನು ಚಂದ್ರನನ್ನು ನೋಡೋದೇ ಬಾಕಿ ಅನ್ನುವಾಗ ಹೆಚ್ಚಿನವರು ಎಡವುವುದು ಸ್ಟ್ಯಾಂಡಿನಲ್ಲಿ. ನಾನೂ ಎಡವಿದ್ದೇನೆ. ನನ್ನ ಮೊದಲ ಸ್ಟ್ಯಾಂಡ್ ಈಗ ಮನೆಯಲ್ಲಿ ಹೂಕುಂಡ ಇಡೋಕೆ ಬಳಕೆಯಾಗುತ್ತಿದೆ. ಎರಡನೆಯದು ಮಾಡುವಾಗ ಬೆರಳಿಗೆ ಮೂರು ಹೊಲಿಗೆ ಬಿತ್ತು. ಅದಕ್ಕೇ ಇಲ್ಲಿ ಅರ್ಧ ಮಾತು ಮರದ್ದು, ಅರ್ಧ ಮಾತು ಕೈಯದ್ದು.

ಉದಾಹರಣೆಗೆ ಇಟ್ಟುಕೊಂಡಿರುವುದು 8 ಇಂಚು (203 ಮಿ.ಮೀ.) ಕನ್ನಡಿಯ, 1200 ಮಿ.ಮೀ. ಫೋಕಸ್ ದೂರದ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕೆ ಇರುವ ದೂರ) ಟೆಲಿಸ್ಕೋಪ್. ನಿಮ್ಮದು ಚಿಕ್ಕದಿದ್ದರೆ ಲೆಕ್ಕದ ದಾರಿ ಅದೇ, ಅಂಕಿ ಮಾತ್ರ ಬೇರೆ.

ಲೋಹದ ಸ್ಟ್ಯಾಂಡ್ ಅಂಗಡಿಯಲ್ಲೇ ಸಿಗುತ್ತದೆ. ಮರದ್ದೇ ಯಾಕೆ?

ಸಿಗುತ್ತದೆ. ಆದರೆ ಕಡಿಮೆ ಬೆಲೆಯದ್ದು ನಡುಗುತ್ತದೆ. ತೆಳು ಅಲ್ಯೂಮಿನಿಯಂ ಕಾಲಿನ ಮೇಲೆ ಕೂತ ಟೆಲಿಸ್ಕೋಪಿಗೆ ಫೋಕಸ್ ತಿರುಗಿಸಲು ಬೆರಳು ತಾಗಿಸಿದರೆ ಸಾಕು, ಶನಿ ಗ್ರಹ ದೀಪಕ್ಕೆ ಬಂದ ಹುಳದ ಹಾಗೆ ಕುಣಿಯುತ್ತದೆ. ಕುಣಿತ ನಿಲ್ಲುವಷ್ಟರಲ್ಲಿ ಗ್ರಹ ನೋಟದಿಂದ ಜಾರಿರುತ್ತದೆ. ಮರ ನಡುಕವನ್ನು ಬೇಗ ನುಂಗಿಕೊಳ್ಳುತ್ತದೆ. ಒಂದು ಕಬ್ಬಿಣದ ಪೈಪಿಗೂ ಒಂದು ಹಲಗೆಗೂ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಿ. ಪೈಪು ಠಣ್ ಅಂತ ರಾಗ ಎಳೆಯುತ್ತದೆ, ಹಲಗೆ ಟಕ್ ಅಂದು ಸುಮ್ಮನಾಗುತ್ತದೆ. ನಮಗೆ ಬೇಕಾದ್ದು ಆ ಸುಮ್ಮನಾಗುವ ಗುಣ.

ಇದೇನೂ ಬಡವರ ಉಪಾಯ ಅಲ್ಲ. 1781ರ ಮಾರ್ಚ್ 13ರ ರಾತ್ರಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ ಕಂಡದ್ದು ತಾನೇ ಮಾಡಿಕೊಂಡ 7 ಅಡಿ ಟೆಲಿಸ್ಕೋಪಿನಲ್ಲಿ. ಅದು ನಿಂತಿದ್ದು ಮರದ ಸ್ಟ್ಯಾಂಡಿನ ಮೇಲೆ.

ಎಲ್ಲರೂ ಡಾಬ್ಸೋನಿಯನ್ ಅಂತಾರಲ್ಲ, ಹಾಗಂದರೇನು?

ಜಾನ್ ಡಾಬ್ಸನ್ ಹೆಸರಿನಿಂದ ಬಂದದ್ದು. ಈ ಮನುಷ್ಯನ ಕಥೆ ನಮಗೆ ಸ್ವಲ್ಪ ಹತ್ತಿರದ್ದೇ. 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದವರು. ರಾಮಕೃಷ್ಣ ಪರಂಪರೆಯ ಮಠ ಅದು. ಅಲ್ಲಿದ್ದುಕೊಂಡೇ ಗುಜರಿ ಗಾಜು, ರಟ್ಟಿನ ಕೊಳವೆ, ಬೇಡದ ಮರದ ತುಂಡು ಹುಡುಕಿ ಟೆಲಿಸ್ಕೋಪ್ ಮಾಡುತ್ತಿದ್ದರು. ರಾತ್ರಿ ಅದನ್ನು ಬೀದಿಗೆ ತಳ್ಳಿಕೊಂಡು ಹೋಗಿ ಹೋಗೋ ಬರೋರಿಗೆಲ್ಲ ಆಕಾಶ ತೋರಿಸುತ್ತಿದ್ದರು. ಕೊನೆಗೆ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಶುರುವಾದದ್ದೇ ಅಲ್ಲಿನ ಬೀದಿಬದಿ ಆಕಾಶ ವೀಕ್ಷಕರ ಗುಂಪು. ಅವರು ತೀರಿಕೊಂಡದ್ದು 2014ರಲ್ಲಿ.

ಅವರ ಸ್ಟ್ಯಾಂಡಿನಲ್ಲಿ ಗೇರ್ ಇಲ್ಲ, ಬೇರಿಂಗ್ ಇಲ್ಲ. ಇರುವುದು ಮೂರೇ ಭಾಗ. ಕೆಳಗೆ ನೆಲದ ಹಲಗೆ. ಅದರ ಮೇಲೆ, ನಡುವಿನ ಒಂದು ಬೋಲ್ಟಿನ ಸುತ್ತ ಎಡಕ್ಕೆ ಬಲಕ್ಕೆ ತಿರುಗುವ, ಹಿಂದೆ ಮೇಲೆ ತೆರೆದ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯ ಎರಡು ಪಕ್ಕದ ಹಲಗೆಗಳ ಮೇಲೆ ಕೊಳವೆಯ ಎರಡು ದುಂಡು 'ಕಿವಿ'ಗಳು ಕೂರುತ್ತವೆ. ಹಳೇ ಕಾಲದ ಫಿರಂಗಿ ಗಾಡಿ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ. ತಿರುಗುವ ಜಾಗದಲ್ಲೆಲ್ಲ ಟೆಫ್ಲಾನ್ ಅನ್ನೋ ಜಾರುವ ಪ್ಲಾಸ್ಟಿಕ್ಕಿನ ಸಣ್ಣ ತುಂಡುಗಳ ಮೇಲೆ ಸನ್ಮೈಕಾ ಜಾರುತ್ತದೆ.

ಯಾವ ಮರ ತೆಗೆದುಕೊಳ್ಳಲಿ? ಮನೆಯಲ್ಲಿ ಹಳೇ ತೇಗದ ಹಲಗೆ ಇದೆ.

ತೇಗವನ್ನು ಬೇರೆ ಒಳ್ಳೇ ಕೆಲಸಕ್ಕೆ ಇಟ್ಟುಕೊಳ್ಳಿ. ಅಗಲವಾದ ಒಂಟಿ ಹಲಗೆ ಎಷ್ಟೇ ಒಳ್ಳೆಯ ಮರದ್ದಾಗಿರಲಿ, ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕೆ, ಮುಂದಿನದ್ದು ಅಡ್ಡಕ್ಕೆ ಇರುವುದರಿಂದ ಆಕಾರ ಕೆಡುವುದು ಕಡಿಮೆ.

ಹಾಳೆ 8 ಅಡಿಗೆ 4 ಅಡಿ ಬರುತ್ತದೆ. ಪೆಟ್ಟಿಗೆಗೆ, ನೆಲದ ಹಲಗೆಗೆ 18 ಮಿ.ಮೀ. ದಪ್ಪ. ಕೊಳವೆ ಹಿಡಿಯುವ ಚೌಕಟ್ಟಿಗೆ 12 ಮಿ.ಮೀ. ಸಾಕು. ಹಾಳೆಯ ಮೇಲೆ ಐಎಸ್ 303 ಅಂತ ಭಾರತೀಯ ಮಾನಕದ ಮುದ್ರೆ ಇರುತ್ತದೆ. ಅದರಲ್ಲಿ ಎಂಆರ್ ಅಂದರೆ ಒಣ ಜಾಗಕ್ಕೆ, ಬಿಡಬ್ಲ್ಯುಆರ್ ಅಂದರೆ ಒದ್ದೆಯನ್ನು ತಕ್ಕಮಟ್ಟಿಗೆ ತಡೆಯುವುದು. ಐಎಸ್ 710 ಅಂದರೆ ಮರೀನ್, ಒದ್ದೆಯನ್ನು ಇನ್ನೂ ಚೆನ್ನಾಗಿ ತಡೆಯುವುದು. ರಾತ್ರಿ ಇಬ್ಬನಿಯಲ್ಲಿ ಇಡುವ ವಸ್ತು ಇದು. ಹಾಗಾಗಿ ಬಯಲುಸೀಮೆಯವರಿಗೆ ಬಿಡಬ್ಲ್ಯುಆರ್ ಸಾಕು, ಕರಾವಳಿ ಮಲೆನಾಡಿನವರು ಮರೀನ್ ತಗೊಳ್ಳಿ. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಒಮ್ಮೆ ನೀರು ಕುಡಿದರೆ ರವೆ ಉಂಡೆ ಹಾಗೆ ಉದುರುತ್ತದೆ.

18 ಮಿ.ಮೀ.ನ ಪೂರ್ತಿ ಹಾಳೆ 30 ಕಿಲೋಗೂ ಜಾಸ್ತಿ ತೂಗುತ್ತದೆ. ಒಬ್ಬರೇ ಎತ್ತಿ ಸ್ಕೂಟರಿನ ಮೇಲೆ ತರುವ ಸಾಹಸ ಬೇಡ. ಅಂಗಡಿಯಲ್ಲೇ ತುಂಡು ಮಾಡಿಸಿ ತನ್ನಿ.

ಪ್ಯಾಕಿಂಗ್ ಪೆಟ್ಟಿಗೆಯ ಮರ, ಪ್ಯಾಲೆಟ್ ಮರ ಬಳಸಬಹುದಾ?

ಕಾಲು, ಹಿಡಿ, ಒಳಮೂಲೆಯ ಪಟ್ಟಿ ಇಂಥದ್ದಕ್ಕೆ ಬಳಸಬಹುದು. ಹೊರದೇಶದಿಂದ ಬಂದ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಚಿತ್ರದ ಜೊತೆ ಒಂದು ಮುದ್ರೆ ಇರುತ್ತದೆ. ಎಚ್‌ಟಿ ಅಂದರೆ ಬಿಸಿ ಮಾಡಿ ಹುಳ ಕೊಂದದ್ದು, ಪರವಾಗಿಲ್ಲ. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಕೊಟ್ಟದ್ದು, ಅದನ್ನು ಮನೆಯೊಳಗೆ ತರಬೇಡಿ. ಇನ್ನೊಂದು, ಹಳೇ ಮರದಲ್ಲಿ ಮುರಿದ ಮೊಳೆ ಅಡಗಿರುತ್ತದೆ. ಗರಗಸ ಇಡುವ ಮೊದಲು ಮೇಲೆಲ್ಲ ಒಂದು ಅಯಸ್ಕಾಂತ ಆಡಿಸಿ.

ಹಳೇ ಮನೆಯ ಬಣ್ಣ ಹಚ್ಚಿದ ಬಾಗಿಲು, ಕಿಟಕಿ? ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಉಜ್ಜಿ ಪುಡಿ ಎಬ್ಬಿಸಬೇಡಿ.

ಅಳತೆ ಹೇಗೆ ಲೆಕ್ಕ ಹಾಕೋದು?

ಮೊದಲು ಕೊಳವೆಯ ತೂಕದ ನಡು ಹುಡುಕಿ. ಕನ್ನಡಿ, ಐಪೀಸ್ (ಕಣ್ಣಿಟ್ಟು ನೋಡುವ ಮಸೂರ), ಫೈಂಡರ್ (ಗುರಿ ಹುಡುಕುವ ಪುಟ್ಟ ದುರ್ಬೀನು) ಎಲ್ಲವನ್ನೂ ಹಾಕಿ, ಒಂದು ದುಂಡು ಪೈಪಿನ ಮೇಲೆ ಕೊಳವೆಯನ್ನು ಅಡ್ಡ ಮಲಗಿಸಿ ಆಚೀಚೆ ಸರಿಸಿ. ತಕ್ಕಡಿಯ ಹಾಗೆ ಸಮ ನಿಂತ ಜಾಗಕ್ಕೆ ಗುರುತು ಹಾಕಿ. ಕಿವಿಗಳು ಬರುವುದು ಅಲ್ಲೇ. ಖಾಲಿ ಕೊಳವೆಯಲ್ಲಿ ಗುರುತು ಹಾಕಿದರೆ ಮುಂದೆ ಅಳಬೇಕಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಆ ಗುರುತು ಕೊಳವೆಯ ತಳದಿಂದ 50 ಸೆಂ.ಮೀ. ಮೇಲಿದೆ ಅಂದುಕೊಳ್ಳಿ. ಕೊಳವೆಯ ಹೊರ ಅಗಲ 25 ಸೆಂ.ಮೀ. ಟೆಲಿಸ್ಕೋಪ್ ಬಗ್ಗಿದಂತೆ ತಳದ ಅಂಚು ಹಿಂದಕ್ಕೆ ತೂಗುತ್ತದೆ. ಆಗ ಪೆಟ್ಟಿಗೆಯ ತಳಕ್ಕೆ ಹೆಚ್ಚು ಹತ್ತಿರ ಬರುವುದು ನಡು ಅಲ್ಲ, ಮೂಲೆ. 50ರ ವರ್ಗ, 12.5ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 51.5 ಸೆಂ.ಮೀ. ಬರುತ್ತದೆ. ಎರಡೂವರೆ ಸೆಂ.ಮೀ. ಜಾಗ ಬಿಟ್ಟರೆ ಪೆಟ್ಟಿಗೆಯ ತಳದಿಂದ ಕಿವಿಯ ನಡುವಿಗೆ 54 ಸೆಂ.ಮೀ. ಹೂಕುಂಡದ ಸ್ಟ್ಯಾಂಡ್ ಆಯಿತು ಅಂದೆನಲ್ಲ, ಅದರಲ್ಲಿ ನಾನು ಮೂಲೆಯನ್ನು ಮರೆತು ಬರೀ 50ಕ್ಕೆ ಲೆಕ್ಕ ಹಾಕಿದ್ದೆ. ಕೊಳವೆ ನೆಟ್ಟಗೆ ನಿಲ್ಲುತ್ತಿತ್ತು, ಬಗ್ಗಿಸಿದರೆ ತಳಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ಕೊಳವೆ ಸುತ್ತ 12 ಮಿ.ಮೀ. ಪ್ಲೈವುಡ್ ಚೌಕಟ್ಟು ಬಂದರೆ ಅಗಲ 27.4 ಸೆಂ.ಮೀ. ಎರಡೂ ಕಡೆ 3 ಮಿ.ಮೀ. ಬಿಟ್ಟು ಪೆಟ್ಟಿಗೆಯ ಒಳ ಅಗಲ 28 ಸೆಂ.ಮೀ. ಮುಂದಿನ ಹಲಗೆ 40 ಸೆಂ.ಮೀ. ಎತ್ತರದ ಒಳಗಿರಲಿ, ಇಲ್ಲದಿದ್ದರೆ ಕೊಳವೆ ಪೂರ್ತಿ ಅಡ್ಡ ಬಗ್ಗುವುದಿಲ್ಲ. ಆ ಹಲಗೆಯನ್ನು ಬಿಟ್ಟುಬಿಡೋಣ ಅನ್ನಬೇಡಿ. ಪಕ್ಕದ ಹಲಗೆಗಳು ಒಲೆದಾಡದ ಹಾಗೆ ಹಿಡಿಯುವುದು ಅದೇ.

ಟೆಫ್ಲಾನ್ ಯಾಕೆ? ಬಾಲ್ ಬೇರಿಂಗ್ ಹಾಕಿದರೆ ಇನ್ನೂ ನುಣುಪು ಅಲ್ವಾ?

ನುಣುಪು ಹೌದು, ಅದೇ ತೊಂದರೆ. ಬಾಲ್ ಬೇರಿಂಗ್ ಮೇಲೆ ಟೆಲಿಸ್ಕೋಪ್ ಗಾಳಿಗೂ ತಿರುಗುತ್ತದೆ. ನಮಗೆ ಬೇಕಾದ್ದು ಬಿಟ್ಟಲ್ಲಿ ನಿಲ್ಲಬೇಕು, ತಳ್ಳಿದರೆ ಜಗ್ಗದೆ ಚಲಿಸಬೇಕು. ಸಾಮಾನ್ಯವಾಗಿ ಯಾವುದೇ ವಸ್ತುವನ್ನು ಕದಲಿಸಲು ಜಾಸ್ತಿ ಬಲ ಬೇಕು, ಕದಲಿದ ಮೇಲೆ ಕಡಿಮೆ ಸಾಕು. ಅಕ್ಕಿ ಮೂಟೆ ಎಳೆದವರಿಗೆ ಗೊತ್ತು. ಟೆಲಿಸ್ಕೋಪಿನಲ್ಲಿ ಹೀಗಾದರೆ ಚಂದ್ರನ ಕುಳಿ ನೋಡಲು ಹೋಗಿ ಎಗರಿ ಆಚೆ ಬೀಳುತ್ತೀರಿ. ಟೆಫ್ಲಾನಿನಲ್ಲಿ ಆ ಎರಡು ಬಲಗಳ ನಡುವೆ ಅಂತರ ತೀರಾ ಕಡಿಮೆ.

ಇದು ಎಷ್ಟು ಮುಖ್ಯ ಅಂತ ಲೆಕ್ಕ ನೋಡಿ. 10 ಮಿ.ಮೀ. ಐಪೀಸ್ ಹಾಕಿದರೆ 1200 ಭಾಗ 10, ಅಂದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಸಾಧಾರಣ ಐಪೀಸಿನಲ್ಲಿ ಆಗ ಕಾಣುವ ಆಕಾಶ ಅರ್ಧ ಡಿಗ್ರಿಗಿಂತಲೂ ಕಡಿಮೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅಂದರೆ ಗ್ರಹ ನೋಟದ ಈ ಅಂಚಿನಿಂದ ಆ ಅಂಚಿಗೆ ಸುಮಾರು 100 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಆ ಹೊತ್ತಿಗೆಲ್ಲ ಮೆಲ್ಲಗೆ ತಳ್ಳುತ್ತಲೇ ಇರಬೇಕು. ಸ್ಟ್ಯಾಂಡ್ ಜಗ್ಗಿದರೆ ರಾತ್ರಿಯಿಡೀ ಹುಡುಕಾಟವೇ.

ಟೆಫ್ಲಾನ್ ತುಂಡು ಎಷ್ಟು ದೊಡ್ಡದಿರಬೇಕು? ಎಲ್ಲಿ ಸಿಗುತ್ತದೆ?

ಗ್ಯಾಸ್ಕೆಟ್, ಆಯಿಲ್ ಸೀಲ್ ಮಾರುವ ಅಂಗಡಿಯಲ್ಲಿ ಪಿಟಿಎಫ್‌ಇ ಹಾಳೆ ಅಂತ ಕೇಳಿ. ಬೆಂಗಳೂರಿನವರು ಎಸ್‌ಜೆಪಿ ರಸ್ತೆಯಲ್ಲಿ ವಿಚಾರಿಸಬಹುದು. 3 ಮಿ.ಮೀ. ದಪ್ಪದ್ದು ಸಾಕು. ನಲ್ಲಿಗೆ ಸುತ್ತುವ ಟೇಪ್ ಅಲ್ಲ.

ದೊಡ್ಡದಾದಷ್ಟೂ ಒಳ್ಳೇದು ಅಂತ ಅಂದುಕೊಳ್ಳುವುದೇ ತಪ್ಪು. ಪ್ರತಿ ಚದರ ಸೆಂ.ಮೀ.ಗೆ ಸುಮಾರು 1 ಕಿಲೋ ಭಾರ ಬಿದ್ದಾಗ ಟೆಫ್ಲಾನ್ ಹದವಾಗಿ ಜಾರುತ್ತದೆ. ಪೆಟ್ಟಿಗೆ, ಕೊಳವೆ ಸೇರಿ 21 ಕಿಲೋ ಅಂದುಕೊಳ್ಳಿ. ಕೆಳಗೆ ಮೂರು ತುಂಡು, ಒಂದೊಂದರ ಮೇಲೆ 7 ಕಿಲೋ. ಹಾಗಾದರೆ ಒಂದೊಂದು 7 ಚದರ ಸೆಂ.ಮೀ., ಅಂದರೆ 26 ಮಿ.ಮೀ. ಚೌಕ. ಕಿವಿಗಳ ಕೆಳಗೆ ಕಡೆಗೆರಡರಂತೆ ನಾಲ್ಕು ತುಂಡು, ಎರಡರ ನಡುವೆ 60ರಿಂದ 70 ಡಿಗ್ರಿ ಕೋನ. ಕೊಳವೆ 12 ಕಿಲೋ ಇದ್ದರೆ ಇಲ್ಲಿ 19 ಮಿ.ಮೀ. ಚೌಕ ಸರಿಹೋಗುತ್ತದೆ.

ಟೆಫ್ಲಾನಿಗೆ ಯಾವ ಅಂಟೂ ನೆಟ್ಟಗೆ ಹಿಡಿಯಲ್ಲ. ಸಣ್ಣ ಮೊಳೆ ಹೊಡೆದು ತಲೆಯನ್ನು ಒಳಕ್ಕೆ ಇಳಿಸಿಬಿಡಿ. ಮೊಳೆಯ ತಲೆ ಮೇಲೆದ್ದರೆ ಸನ್ಮೈಕಾ ಗೀಚಿಹೋಗುತ್ತದೆ.

ಸನ್ಮೈಕಾ ಯಾವ ಥರದ್ದು?

ಮಿಂಚುವ ನುಣುಪಿನದ್ದು ಬೇಡ. ಅದಕ್ಕೆ ಟೆಫ್ಲಾನ್ ಅಂಟಿಕೊಂಡ ಹಾಗೆ ಆಡುತ್ತದೆ. ಬೆರಳಾಡಿಸಿದರೆ ಸಣ್ಣ ಸಣ್ಣ ಉಬ್ಬು ಸಿಗುವ ಮೇಲ್ಮೈಯದ್ದು ತಗೊಳ್ಳಿ. ಪೆಟ್ಟಿಗೆಯ ತಳಕ್ಕೊಂದು ತುಂಡು, ಕಿವಿಗಳ ಅಂಚಿಗೆ ಪಟ್ಟಿ. ಕಿರ್ ಅಂದರೆ ಕೊಬ್ಬರಿ ಎಣ್ಣೆ ಹಾಕೋಣ ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಹಾಕಬೇಡಿ. ಎಣ್ಣೆಗೆ ಧೂಳು ಕೂತು ಹಿಟ್ಟಿನ ಹಾಗಾಗುತ್ತದೆ.

ನಾಲ್ಕು ಕಾಲು ಕೊಟ್ಟರೆ ಇನ್ನೂ ಭದ್ರ ಅಲ್ವಾ?

ಒಲೆಗೆ ಎಷ್ಟು ಗುಂಡು? ಮೂರೇ. ಎಂಥಾ ತಗ್ಗುದಿಣ್ಣೆಯ ನೆಲದಲ್ಲೂ ಮೂರು ಕಾಲು ಕೂರುತ್ತವೆ, ನಾಲ್ಕನೆಯದು ಯಾವಾಗಲೂ ಜಗಳ ತೆಗೆಯುತ್ತದೆ. ಕಾಲುಗಳು ಸಾಧ್ಯವಾದಷ್ಟು ಅಂಚಿನಲ್ಲಿರಲಿ. ನೆಲದ ಹಲಗೆಯ ಮೂರು ಟೆಫ್ಲಾನ್ ತುಂಡುಗಳು ಸರಿಯಾಗಿ ಆ ಕಾಲುಗಳ ನೆತ್ತಿಯ ಮೇಲೇ ಬರಬೇಕು. ಆಗ ಭಾರ ನೇರ ನೆಲಕ್ಕೆ ಇಳಿಯುತ್ತದೆ, ಹಲಗೆ ಬಾಗುವುದಿಲ್ಲ.

ಟೆಲಿಸ್ಕೋಪ್ ಕೈಬಿಟ್ಟ ಕೂಡಲೇ ಮೂಗು ಬಗ್ಗಿಸುತ್ತದೆ. ಏನು ಮಾಡಲಿ?

ಮುಂದೆ ತೂಕ ಜಾಸ್ತಿ. ದಪ್ಪ ಐಪೀಸ್ ಹಾಕಿದಾಗ ಹೀಗಾಗುತ್ತದೆ. ಹಿಂದಿನ ತುದಿಗೆ ಮರಳು ತುಂಬಿದ ಸಣ್ಣ ಚೀಲ ಕಟ್ಟಿ. ಹೊಸದಾಗಿ ಮಾಡುವವರು ಕಿವಿಯನ್ನೇ ದೊಡ್ಡದು ಮಾಡಿ, 20 ಸೆಂ.ಮೀ. ಅಡ್ಡಳತೆ ಇದ್ದರೆ ಅದರ ಹಿಡಿತವೇ ಇಂಥ ಸಣ್ಣಪುಟ್ಟ ವ್ಯತ್ಯಾಸ ತಡೆದುಕೊಳ್ಳುತ್ತದೆ.

ನೆತ್ತಿಯ ಮೇಲಿನ ಗ್ರಹಕ್ಕೆ ತಿರುಗಿಸುವಾಗ ತುಂಬಾ ಒದ್ದಾಟ. ನನ್ನ ಕೆಲಸ ಕೆಟ್ಟಿದೆಯಾ?

ಇಲ್ಲ, ಇದು ಈ ಮಾದರಿಯ ಹುಟ್ಟುಗುಣ. ಕೊಳವೆ ನೆಟ್ಟಗೆ ನಿಂತಾಗ ಎಡಬಲಕ್ಕೆ ತಿರುಗಿಸಲು ಹಿಡಿತವೇ ಸಿಗಲ್ಲ. ಯುರೋಪಿನವರಿಗೆ ಇದು ಅಷ್ಟಾಗಿ ಕಾಡುವುದಿಲ್ಲ, ಅವರಲ್ಲಿ ಗ್ರಹಗಳು ನೆತ್ತಿಗೆ ಬರುವುದೇ ಇಲ್ಲ. ಬೆಂಗಳೂರು, ಮಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ಗ್ರಹಗಳು, ಕೃತ್ತಿಕೆ, ಮಹಾವ್ಯಾಧ ಎಲ್ಲ ನಮ್ಮ ತಲೆಯ ಮೇಲೇ ಹಾದುಹೋಗುತ್ತವೆ. ಹಾಗಾಗಿ ಪೆಟ್ಟಿಗೆಯ ಪಕ್ಕದ ಹಲಗೆಗೆ ಒಂದು ಬಾಗಿಲ ಹಿಡಿ ಜಡಿದುಕೊಳ್ಳಿ. ಕೊಳವೆ ತಳ್ಳುವ ಬದಲು ಪೆಟ್ಟಿಗೆಯನ್ನೇ ತಿರುಗಿಸಿ. ಇಲ್ಲವೇ ಒಂದು ಗಂಟೆ ಕಾಯಿರಿ, ಗ್ರಹ ತಾನೇ 15 ಡಿಗ್ರಿ ಇಳಿದಿರುತ್ತದೆ.

ಇದರಲ್ಲಿ ಫೋಟೋ ತೆಗೆಯಬಹುದಾ?

ಚಂದ್ರನದ್ದು ಮೊಬೈಲಿನಲ್ಲೇ ಬರುತ್ತದೆ. ನಕ್ಷತ್ರಗಳ ದೀರ್ಘ ಫೋಟೋಕ್ಕೆ ಈ ಸ್ಟ್ಯಾಂಡ್ ಆಗಲ್ಲ. ಬರೀ ಕ್ಯಾಮೆರಾಕ್ಕಾದರೆ ಮರದ್ದೇ ಇನ್ನೊಂದು ಉಪಾಯ ಇದೆ. ಎರಡು ಹಲಗೆ, ಒಂದು ಬಾಗಿಲ ತಿರುಗಣೆ, ಒಂದು ಎಂ6 ಥ್ರೆಡ್ ಸರಳು. ತಿರುಗಣೆಯ ನಡುವಿನಿಂದ ಸರಳಿಗೆ 228.6 ಮಿ.ಮೀ. ಇಟ್ಟು ಸರಳನ್ನು ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ಜೊತೆಗೇ ಏಳುತ್ತದೆ. ತಿರುಗಣೆಯ ಅಕ್ಷ ಧ್ರುವ ನಕ್ಷತ್ರದ ಕಡೆ ಇರಬೇಕು. ಅದು ನಮ್ಮಲ್ಲಿ ಬರೀ 12ರಿಂದ 18 ಡಿಗ್ರಿ ಎತ್ತರ. ಪಕ್ಕದ ಮನೆಯ ನೀರಿನ ಟ್ಯಾಂಕ್ ಅಡ್ಡ ಬಂದರೆ ದಿಕ್ಸೂಚಿ, ರಸಮಟ್ಟ ಹಿಡಿದು ಹೊಂದಿಸಿಕೊಳ್ಳಬೇಕಷ್ಟೆ.

ನನ್ನ ಹತ್ತಿರ ವರ್ಕ್‌ಶಾಪ್ ಇಲ್ಲ, ತಾರಸಿ ಇದೆ. ಸಾಕಾ?

ಧಾರಾಳವಾಗಿ ಸಾಕು. ಉದ್ದದ ನೇರ ಕೊಯ್ತ ಎಲ್ಲ ಪ್ಲೈವುಡ್ ಅಂಗಡಿಯಲ್ಲೋ ಬಡಗಿ ಆಚಾರ್ರ ಹತ್ತಿರವೋ ಮಾಡಿಸಿಬಿಡಿ. ನಿಜವಾಗಿ ಅಪಾಯದ ಕೆಲಸ ಅದೇ, ಅದೇ ಕೈಬಿಟ್ಟುಹೋಯಿತು. ಬಾಯಲ್ಲಿ ಹೇಳದೆ ಚೀಟಿಯಲ್ಲಿ ಮಿ.ಮೀ.ನಲ್ಲಿ ಬರೆದುಕೊಡಿ. ಬ್ಲೇಡು ಪ್ರತಿ ಕೊಯ್ತಕ್ಕೆ ಸುಮಾರು 3 ಮಿ.ಮೀ. ತಿನ್ನುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎದುರುಬದುರಿನ ಎರಡು ಹಲಗೆ ಒಂದೇ ಹೊಂದಿಕೆಯಲ್ಲಿ ಕೊಯ್ಯಲಿ, ಅಳತೆ ತುಸು ತಪ್ಪಿದರೂ ಎರಡೂ ಒಂದೇ ಥರ ತಪ್ಪಿರುತ್ತವೆ.

ನಿಮಗೆ ಉಳಿಯುವುದು ದುಂಡಗೆ ಕೊಯ್ಯುವುದು, ತೂತು ಕೊರೆಯುವುದು, ಉಜ್ಜುವುದು, ಜೋಡಿಸುವುದು. ಅದಕ್ಕೆ ಒಂದು ಜಿಗ್ ಸಾ (ಬ್ಲೇಡು ಮೇಲೆ ಕೆಳಗೆ ಆಡುವ ಕೈಯಂತ್ರದ ಗರಗಸ), ಡ್ರಿಲ್, ಮೂಲೆಮಟ್ಟ, ನಾಲ್ಕು ಕ್ಲ್ಯಾಂಪ್ ಸಾಕು. ದುಡ್ಡು ಕಡಿಮೆ ಇದ್ದರೆ ಮೊದಲು ಕ್ಲ್ಯಾಂಪ್ ಕೊಳ್ಳಿ.

ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕಿ ಎಲ್ಲರೂ ಕೊಯ್ಯುತ್ತಾರೆ. ನಾನೂ ಕೊಯ್ಯಲಾ?

ಬೇಡ. ಎಲ್ಲರೂ ಕೊಯ್ಯುತ್ತಾರೆ ಅನ್ನುವುದು ನಿಜ. ಅವರ ಕೈಬೆರಳನ್ನೂ ಒಮ್ಮೆ ಎಣಿಸಿ ನೋಡಿ. ಆ ಯಂತ್ರ ನಿಮಿಷಕ್ಕೆ 10,000ಕ್ಕೂ ಜಾಸ್ತಿ ಸುತ್ತುತ್ತದೆ. ಕಲ್ಲು ಕೊಯ್ಯುವ ಬ್ಲೇಡಿಗೆ ಹಲ್ಲಿಲ್ಲ, ಅದು ಸವೆಸುತ್ತದೆ. ಮರದ ಬ್ಲೇಡಿಗೆ ಹಲ್ಲಿದೆ, ಅದು ಕಚ್ಚುತ್ತದೆ. ಕೊಯ್ದ ಸಂದಿ ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ ಇಡೀ ಯಂತ್ರ ಎಗರಿ ನಿಮ್ಮ ಕಡೆಗೇ ಬರುತ್ತದೆ. ಮರದ ಸರ್ಕ್ಯುಲರ್ ಸಾದಲ್ಲಿ ತಾನಾಗಿ ಮುಚ್ಚಿಕೊಳ್ಳುವ ಕೆಳಗಿನ ಮುಸುಕು ಇರುತ್ತದೆ, ಇದರಲ್ಲಿ ಇಲ್ಲ. ಲೋಹ ಉಜ್ಜುವ ಆಂಗಲ್ ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಹಾಕುವುದು ಇದಕ್ಕಿಂತಲೂ ಕೆಟ್ಟದ್ದು.

ಸರ್ಕ್ಯುಲರ್ ಸಾ ಬಳಸುವವರಿಗೂ ಎರಡು ಮಾತು. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಕೊಯ್ದು ಬೀಳುವ ತುಂಡು ಕೆಳಗೆ ಜೋತು ಬಿದ್ದು ಬ್ಲೇಡನ್ನು ಹಿಡಿಯದ ಹಾಗೆ ಎರಡೂ ಕಡೆ ಆಧಾರ ಕೊಡಿ.

ನಿಮ್ಮ ಬೆರಳಿಗೆ ಏನಾಯಿತು?

ಎಲ್ಲ ಮುಗಿದಿತ್ತು. ಒಳಮೂಲೆಗೆ ಕೊಡುವ ಒಂದು ತ್ರಿಕೋನದ ತುಂಡು ಬಾಕಿ. ರಾತ್ರಿ ಹತ್ತು ಗಂಟೆ, ಗುರು ಗ್ರಹ ಮೇಲೆ ಬಂದಿತ್ತು. ಈ ಅಂಗೈಯಗಲದ ತುಂಡಿಗೆ ಕ್ಲ್ಯಾಂಪ್ ಯಾಕೆ ಅಂತ ಎಡಗೈಯಲ್ಲಿ ಹಿಡಿದು ಜಿಗ್ ಸಾ ಒತ್ತಿದೆ. ತುಂಡು ಗಿರ್ರನೆ ತಿರುಗಿತು. ಆ ರಾತ್ರಿ ಗುರು ಬದಲು ಡಾಕ್ಟರನ್ನು ನೋಡಿ ಬಂದೆ.

ಆಮೇಲೆ ಒಂದು ಪದ್ಧತಿ ಇಟ್ಟುಕೊಂಡೆ. ಸಣ್ಣ ತುಂಡು ಬೇಕಾದರೆ ದೊಡ್ಡ ಹಲಗೆಯಲ್ಲಿ ಗುರುತು ಹಾಕಿ, ಹಲಗೆಯನ್ನು ಕ್ಲ್ಯಾಂಪ್ ಮಾಡಿ, ಕೊನೆಗೆ ಬೇರೆ ಮಾಡುವುದು. ಮತ್ತೆ, ಇವತ್ತು ರಾತ್ರಿ ನೋಡಲೇಬೇಕು ಅನ್ನಿಸಿದ ದಿನ ಯಂತ್ರ ಮುಟ್ಟುವುದಿಲ್ಲ.

ಕೈಗವಸು ಹಾಕಿಕೊಂಡು ಕೆಲಸ ಮಾಡಿದರೆ ಒಳ್ಳೇದಲ್ವಾ?

ಹಲಗೆ ಹೊರುವಾಗ ಹಾಕಿಕೊಳ್ಳಿ, ಸಿಬಿರು ಚುಚ್ಚುವುದಿಲ್ಲ. ತಿರುಗುವ ಯಂತ್ರದ ಹತ್ತಿರ ಹಾಕಬೇಡಿ. ಡ್ರಿಲ್ಲಿಗೆ ಗವಸಿನ ಒಂದು ನೂಲು ಸಿಕ್ಕಿದರೂ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಇದೇ ಕಾರಣಕ್ಕೆ ಉಂಗುರ, ಬಳೆ, ವಾಚು, ಕೈಗೆ ಕಟ್ಟಿದ ದೇವರ ದಾರ, ಸೆರಗು, ದುಪಟ್ಟಾ, ಜೋತುಬಿಟ್ಟ ಜಡೆ, ಎತ್ತಿ ಕಟ್ಟಿದ ಪಂಚೆ ಯಾವುದೂ ಬೇಡ. ದೇವರ ದಾರ ಬಿಚ್ಚೋಕೆ ಮನಸ್ಸಿಲ್ಲದಿದ್ದರೆ ಮೇಲೆ ಬಿಗಿ ತೋಳಿನ ಅಂಗಿ ಹಾಕಿಕೊಳ್ಳಿ. ಹವಾಯಿ ಚಪ್ಪಲಿ ಬಿಟ್ಟು ಶೂ ಹಾಕಿ, ಉಳಿ ಕೆಳಗೆ ಬಿದ್ದರೆ ಚೂಪಾದ ಕಡೆಯೇ ಮೊದಲು ಬೀಳುತ್ತದೆ. ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ ಬೇಕು, ಮಾಮೂಲಿ ಚಾಳೀಸು ಸಾಲದು.

ಉಳಿ ಮೊಂಡಾಗಿದ್ದರೆ ಹೊಸಬರಿಗೆ ಸೇಫ್ ಅಂತಾರೆ. ಹೌದಾ?

ತಿರುಗಾಮುರುಗಾ. ಮೊಂಡ ಉಳಿಗೆ ಬಲ ಜಾಸ್ತಿ ಹಾಕುತ್ತೀರಿ, ಅದು ಜಾರಿದಾಗ ಆ ಬಲವೆಲ್ಲ ಕೈಗೆ ಬರುತ್ತದೆ. ಉಳಿ ಹರಿತ ಇರಲಿ, ಎರಡೂ ಕೈ ಅದರ ಅಲಗಿನ ಹಿಂದೆ ಇರಲಿ.

ಮರದ ಹೊಟ್ಟಿಗೆ ಮಾಸ್ಕ್ ಬೇಕಾ? ನಮ್ಮ ಆಚಾರ್ರು ನಲವತ್ತು ವರ್ಷದಿಂದ ಹಾಗೇ ಮಾಡ್ತಿದ್ದಾರೆ.

ಬೇಕು. ಮರದ ಪುಡಿ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆ ಅನ್ನುವ ಖಚಿತ ಪಟ್ಟಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಹಾಗೆ ವರ್ಗೀಕರಿಸಿ 1995ರಲ್ಲೇ ಪ್ರಕಟಿಸಿತು. ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿಯಲ್ಲಿ ಅಂಟಿನ ಅಂಶವೂ ಸೇರಿರುತ್ತದೆ. ಬೀಟೆ, ತೇಗದ ಪುಡಿಗೆ ಕೆಲವರ ಮೈ ತುರಿಸುತ್ತದೆ, ಮೂಗು ಸೋರುತ್ತದೆ. ಕಣ್ಣಿಗೆ ಕಾಣುವ ದಪ್ಪ ಹೊಟ್ಟಿಗಿಂತ ಉಜ್ಜುವಾಗ ಏಳುವ ನುಣುಪು ಪುಡಿ ಕೆಟ್ಟದ್ದು, ಅದು ಶ್ವಾಸಕೋಶದ ಒಳಗೆ ಇಳಿಯುತ್ತದೆ.

ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಹಾಕಿ. ಕರ್ಚೀಫ್ ಕಟ್ಟಿಕೊಂಡರೆ ಸಮಾಧಾನ ಅಷ್ಟೇ. ಉಜ್ಜುವ ಕೆಲಸ ತಾರಸಿಯಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಿ. ಪೊರಕೆಯಲ್ಲಿ ಗುಡಿಸಿ ಎಬ್ಬಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕನ್ನಡಿಯನ್ನು ಅವತ್ತು ಇನ್ನೊಂದು ಕೋಣೆಯಲ್ಲಿ ಮುಚ್ಚಿಡಿ, ಅದರ ಮೇಲೆ ಕೂತ ಪುಡಿ ಒರೆಸಲು ಹೋದರೆ ಗೀರು ಖಂಡಿತ.

ಅಂಟು, ಪಾಲಿಶ್ ವಿಷಯದಲ್ಲಿ ಏನು ಎಚ್ಚರ ಬೇಕು?

ಜೋಡಣೆಗೆ ಬಿಳಿ ಫೆವಿಕಾಲ್, ಜೊತೆಗೆ ಸ್ಕ್ರೂ. ರಾತ್ರಿಯಿಡೀ ಕ್ಲ್ಯಾಂಪಿನಲ್ಲಿ ಬಿಡಿ. ಅದರಿಂದ ತೊಂದರೆಯೇನಿಲ್ಲ. ಸನ್ಮೈಕಾ ಹಚ್ಚುವ ಹಳದಿ ಅಂಟು, ಥಿನ್ನರ್ ಬೇರೆ ಜಾತಿ. ಅವುಗಳ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಅಡುಗೆಮನೆ ಪಕ್ಕದಲ್ಲಿ, ದೇವರ ದೀಪ ಉರಿಯುವ ಕೋಣೆಯಲ್ಲಿ ಡಬ್ಬ ತೆಗೆಯಬೇಡಿ.

ಮರಕ್ಕೆ ಅಗಸೆ ಎಣ್ಣೆ ಬಳಿಯುವವರು ಇದನ್ನು ಗಮನವಿಟ್ಟು ಓದಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬೆಂಕಿಕಡ್ಡಿಯೂ ಬೇಕಿಲ್ಲ. ಆ ಎಣ್ಣೆ ಒಣಗುವುದೇ ಗಾಳಿಯ ಆಮ್ಲಜನಕ ಹೀರಿಕೊಂಡು, ಆಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಆಚೆ ಹೋಗಲು ದಾರಿ ಇರುವುದಿಲ್ಲ. ಬಟ್ಟೆಯನ್ನು ಹರಡಿ ಹೊರಗೆ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಕರೆಂಟಿನ ಬಗ್ಗೆ?

ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಬೋರ್ಡಿಗೆ ತುರುಕಬೇಡಿ. ಮನೆಯ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಆರಿಸುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯಾ ನೋಡಿ, ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಕೆಲಸದ ನಡುವೆ ಕರೆಂಟ್ ಹೋದರೆ ಮೊದಲು ಯಂತ್ರದ ಸ್ವಿಚ್ ಆರಿಸಿ. ನೀವು ಕಾಫಿ ಕುಡಿಯೋಕೆ ಹೋದಾಗ ಕರೆಂಟ್ ಬಂದು ಯಂತ್ರ ತಾನೇ ಓಡಿದ್ದು ಉಂಟು. ಬ್ಲೇಡ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು.

ಎಷ್ಟೇ ಹುಷಾರಾಗಿದ್ದರೂ ಕೈ ಕೊಯ್ದುಕೊಂಡರೆ?

ಸ್ವಚ್ಛ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೈ ಎತ್ತಿ ಹಿಡಿಯಿರಿ. ನಿಂತಿದೆಯಾ ಅಂತ ಪದೇ ಪದೇ ತೆಗೆದು ನೋಡಬೇಡಿ. ಕಾಫಿಪುಡಿ, ಅರಿಶಿನ, ಸುಣ್ಣ ತುಂಬಬೇಡಿ, ಆಮೇಲೆ ಡಾಕ್ಟರು ಅದನ್ನೆಲ್ಲ ತೊಳೆಯಬೇಕಾಗುತ್ತದೆ. ರಕ್ತ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಟೆಟನಸ್ ಇಂಜೆಕ್ಷನ್ ಬೇಕಾ ಅಂತ ಕೇಳಿ.

ಬೆರಳು ತುಂಡಾದರೆ ಗಾಬರಿಯಲ್ಲಿ ಅದನ್ನು ನೇರ ಐಸಿಗೆ ಹಾಕುತ್ತಾರೆ. ಹಾಗೆ ಮಾಡಿದರೆ ಅದು ಕೆಡುತ್ತದೆ. ಒದ್ದೆ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಟ್ಟು ರೋಗಿಯ ಜೊತೆಗೇ ಕಳಿಸಿ. ಕಣ್ಣಿಗೆ ಪುಡಿ ಬಿದ್ದರೆ ಉಜ್ಜದೆ ನೀರು ಹಾಯಿಸಿ. ಚೂರು ಚುಚ್ಚಿಕೊಂಡಿದ್ದರೆ ಕೀಳಬೇಡಿ, ಒತ್ತದ ಹಾಗೆ ಮುಚ್ಚಿ ಕಣ್ಣಾಸ್ಪತ್ರೆಗೆ ಹೋಗಿ. ಒಬ್ಬರೇ ಇರುವಾಗ ಯಂತ್ರದ ಕೆಲಸ ಬೇಡ ಅನ್ನುವುದು ಇದಕ್ಕೇ.

ಮಗಳು ತಾನೂ ಮಾಡುತ್ತೇನೆ ಅನ್ನುತ್ತಾಳೆ. ಹತ್ತು ವರ್ಷ.

ಉಜ್ಜಲಿ, ಅಳೆಯಲಿ, ಅಂಟು ಹಚ್ಚಲಿ, ಬಣ್ಣ ಬಳಿಯಲಿ. ಸ್ಕ್ರೂ ತಿರುಗಿಸುವುದೂ ಅವಳಿಗೇ ಇರಲಿ. ಬ್ಲೇಡ್ ತಿರುಗುವ ಹೊತ್ತಿಗೆ ಮಾತ್ರ ಬೇರೆ ಕಡೆ ಕಳಿಸಿ.

ಹಗಲಲ್ಲೇ ಜೋಡಿಸಿ ಪರೀಕ್ಷೆ ಮಾಡಬಹುದಾ?

ಮಾಡಿ, ಆದರೆ ಕನ್ನಡಿಯ ಮುಚ್ಚಳ ಹಾಕಿ. 8 ಇಂಚು ಕನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿದರೆ ಮರ ಹೊಗೆಯಾಡುತ್ತದೆ, ಕಣ್ಣಾದರೆ ಹೋಗಿಯೇ ಬಿಡುತ್ತದೆ. ಫೈಂಡರಿಗೂ ಮುಚ್ಚಳ ಬೇಕು, ಅದೂ ಚಿಕ್ಕ ಟೆಲಿಸ್ಕೋಪೇ. ಸೂರ್ಯನನ್ನೇ ನೋಡಬೇಕೆಂದರೆ ಕೊಳವೆಯ ಮುಂದಿನ ಬಾಯಿಯನ್ನು ಪೂರ್ತಿ ಮುಚ್ಚುವ, ಅದಕ್ಕೆಂದೇ ಮಾಡಿದ ಫಿಲ್ಟರ್ ಬೇಕು. ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ಗಾಜು ಕೈಗೆ ಸಿಕ್ಕರೆ ಕಸಕ್ಕೆ ಹಾಕಿ, ಶಾಖಕ್ಕೆ ಅದು ಒಡೆಯುತ್ತದೆ. ಜೋಡಿಸಿಟ್ಟ ಟೆಲಿಸ್ಕೋಪನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ತೆರೆದು ಬಿಟ್ಟು ಊಟಕ್ಕೆ ಹೋಗಬೇಡಿ.

ಮಳೆಗಾಲದಲ್ಲಿ ಹೇಗೆ ಕಾಪಾಡೋದು?

ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಮೇಲ್ಮೈಗೆ ಎರಡು ಕೈ ವಾರ್ನಿಶ್ ಬಳಿದರೆ ಅಂಚಿಗೆ ನಾಲ್ಕು ಕೈ ಬಳಿಯಿರಿ. ಸ್ಕ್ರೂ ತೂತಿನ ಒಳಗೂ ಒಂದು ಹನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ನಕ್ಷತ್ರ ಕಾಣುವುದು ಅಪರೂಪ. ಗೋಡೆಗೆ ತಾಗಿಸದೆ, ನೆಲದಿಂದ ಎರಡು ಇಟ್ಟಿಗೆ ಎತ್ತರಿಸಿ ಇಟ್ಟರೆ ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆವರುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು. ಆಯುಧಪೂಜೆಯ ದಿನ ಹೊರಗೆ ತೆಗೆದು ಟೆಫ್ಲಾನ್ ಒರೆಸಿ, ನಡುವಿನ ಬೋಲ್ಟ್ ಬಿಗಿ ನೋಡಿ, ಉಳಿ ಗರಗಸದ ಪಕ್ಕದಲ್ಲೇ ಕೂರಿಸಿ. ಅರಿಶಿನ ಕುಂಕುಮ ಪೆಟ್ಟಿಗೆಗೆ ಮಾತ್ರ ಹಚ್ಚಲು ಮನೆಯವರಿಗೆ ಮೊದಲೇ ಹೇಳಿಡಿ. ನಮ್ಮಮ್ಮ ಒಮ್ಮೆ ಭಕ್ತಿಯಿಂದ ಕನ್ನಡಿಗೇ ಬೊಟ್ಟಿಟ್ಟಿದ್ದರು.